ಮೊದಲು ಯಾರು

ಎರಡೂ ಪುಸ್ತಕಗಳ ತೂಕ ಹೆಚ್ಚುಕಡಿಮೆ ಒಂದೇ ಇರಬೇಕೆಂದು ಧಮ್ಮಪಾಲನಿಗೆ ಅನ್ನಿಸಿತ್ತು. ಪ್ರಯೋಗಶಾಲೆಯ ತಕ್ಕಡಿಯಲ್ಲಿಟ್ಟು ನೋಡಿಬಿಡೋಣವೇ ಎಂಬ ಯೋಚನೆ ಬಂದು, ಯಾರಾದರೂ ಕಂಡರೆ ಏನೆಂದುಕೊಂಡಾರೆಂದು ಸುಮ್ಮನಾಗಿದ್ದ. ಹುಮನಾಬಾದಿನ ಆ ಕಾಲೇಜಿನ ಗ್ರಂಥಾಲಯದಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಅವೆರಡೂ ಅವನೆದುರು ಇದ್ದವು. ಒಂದು, ಜಗಳವಾಡಿದ ಜನರ ನಡುವೆ ಶಾಂತಿ ಕಟ್ಟುವ ಕೆಲಸದ ಬಗ್ಗೆ. ಇನ್ನೊಂದು, ದೇಶಗಳ ಅಣ್ವಸ್ತ್ರ ನೀತಿಯ ಬಗ್ಗೆ. ಎರಡೂ ಹೊರದೇಶದ ವಿದ್ವಾಂಸರು ಇಂಗ್ಲಿಷಿನಲ್ಲಿ ಬರೆದವು. ಕಲಬುರಗಿಯ ಪುಸ್ತಕದ ವ್ಯಾಪಾರಿ ನೋಡಲೆಂದು ಎರಡನ್ನೂ ಕಳಿಸಿದ್ದ. ಗ್ರಂಥಾಲಯಕ್ಕೆ ಹಣ ಮಂಜೂರಾಗಿದ್ದದ್ದು ಒಂದಕ್ಕೆ ಮಾತ್ರ. ಯಾವುದನ್ನು ಇಟ್ಟುಕೊಳ್ಳಬೇಕೆಂದು ಆರಿಸುವ ಕೆಲಸವನ್ನು ಸಮಿತಿಯವರು ಭೌತಶಾಸ್ತ್ರ ಕಲಿಸುವ ಧಮ್ಮಪಾಲನ ತಲೆಗೆ ಕಟ್ಟಿದ್ದರು. ಅಂದು ಸಭೆಯಲ್ಲಿ ವಾಣಿಜ್ಯ ವಿಭಾಗದ ಅಜೀತ, "ಇದಕ್ಕ ಧಮ್ಮಪಾಲ ಸರ್ ಬಿಟ್ಟರ ಮತ್ಯಾರದಾರ್ರಿ? ಬಾಂಬೂ ಅವರ ಸಬ್ಜೆಕ್ಟು, ಬುದ್ಧನೂ ಅವರವನೇ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಧಮ್ಮಪಾಲನೂ ನಕ್ಕಿದ್ದ. ಆಮೇಲೆ ಬಸ್ಸಿನಲ್ಲಿ ಕೂತಾಗ ಚುಚ್ಚಿದ್ದು ಅಜೀತನ ಮಾತಲ್ಲ, ತಾನು ನಕ್ಕದ್ದು. ಅಷ್ಟು ಬೇಗ, ಬೇರೆಯವರಿಗಿಂತ ಮೊದಲೇ ಎನ್ನುವ ಹಾಗೆ ನಕ್ಕದ್ದು.

ಅಂದಿನಿಂದ ಎರಡನ್ನೂ ಚೀಲದಲ್ಲಿ ಹೊತ್ತು ತಾನಿರುವ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ತಿರುಗಾಡುತ್ತಿದ್ದ. ಓದಿದಲ್ಲಿ ಗುರುತಿಗೆ ಬಸ್ಸಿನ ಟಿಕೇಟು ಇಡುವುದು ಅವನ ರೂಢಿ. ಬಾಂಬಿನ ಪುಸ್ತಕದಲ್ಲಿ ಟಿಕೇಟು ಕೊನೆಯ ಅಧ್ಯಾಯ ಮುಟ್ಟಿತ್ತು. ಶಾಂತಿಯ ಪುಸ್ತಕದಲ್ಲಿ ಮಾತ್ರ ಆರಂಭದ ಕೆಲವು ಹಾಳೆಗಳ ಆಚೆ ಸರಿದಿರಲಿಲ್ಲ. ಅದರಲ್ಲಿ ಒಂದು ವಾಕ್ಯ ಹೇಳಿದ್ದನ್ನು ಮುಂದಿನ ವಾಕ್ಯ 'ಆದರೆ' ಎಂದು ಅರ್ಧ ಹಿಂದೆ ತೆಗೆದುಕೊಳ್ಳುತ್ತಿತ್ತು. ಜಗಳ ನಿಂತ ಮಾತ್ರಕ್ಕೆ ಶಾಂತಿ ಆಯಿತೆಂದು ತಿಳಿಯಬಾರದು. ಆದರೆ ಜಗಳ ನಿಲ್ಲದೆ ಶಾಂತಿಯ ಮಾತೂ ಸಾಧ್ಯವಿಲ್ಲ. ನೊಂದವರಿಗೆ ನ್ಯಾಯ ಸಿಗಬೇಕು. ಆದರೆ ನ್ಯಾಯಕ್ಕಾಗಿ ಹಿಡಿದ ಹಟವೇ ಕೆಲವು ಸಲ ಹೊಸ ಜಗಳಕ್ಕೆ ದಾರಿ. ಹೀಗೆ. ಧಮ್ಮಪಾಲ ಒಂದೇ ಪುಟವನ್ನು ಮತ್ತೆ ಮತ್ತೆ ಓದಿ, ಪರೀಕ್ಷೆಯಲ್ಲಿ ಉತ್ತರ ಹೊಳೆಯದ ಹುಡುಗನ ಹಾಗೆ ಕಿಟಕಿ ನೋಡುತ್ತಿದ್ದ. ಇನ್ನೊಂದು ಹಾಗಲ್ಲ. ಈ ಕಡೆ ಇಷ್ಟು, ಆ ಕಡೆ ಅಷ್ಟು. ಇವನು ಹೊಡೆದರೆ ಅವನು ಸುಡುತ್ತಾನೆ, ಅವನು ಹೊಡೆದರೆ ಇವನು. ಆದ್ದರಿಂದ ಯಾರೂ ಹೊಡೆಯುವುದಿಲ್ಲ. ಲಕ್ಷಾಂತರ ಜನ ಸಾಯುವ ಲೆಕ್ಕವನ್ನು ಓದುವಾಗ ಮನಸ್ಸು ತಣ್ಣಗೆ, ಹಾಯಾಗಿ ಇರುತ್ತಿತ್ತು. ಆ ಹಾಯಿಗೆ ಅವನಿಗೇ ನಾಚಿಕೆಯಾಗುತ್ತಿತ್ತು.

"ಏನ್ ಸರ್, ಹೆಣ್ಣ ನೋಡಾಕ ಹೋದವರಗತೆ ಕುಂತೀರಲ್ಲ" ಎಂದು ಗ್ರಂಥಪಾಲಕಿ ಫಕ್ರುನ್ನೀಸಾ ಬಂದು ನಿಂತಳು. "ಬಿಲ್ಲಿನ ಮ್ಯಾಲ ಪ್ರಿನ್ಸಿಪಾಲರ ಸಹಿ ನಾಳಿ ಮುಂಜಾನಿ ಆಗಬೇಕ್ರಿ. ಯಾವುದು ಇಡ್ಲಿ, ಯಾವುದು ವಾಪಸ್ ಕೊಡ್ಲಿ?"

"ನಾಳಿ ನಾ ರಜಾದಾಗ ಅದೀನ್ರಿ ಮೇಡಂ."

"ಗೊತ್ತದ್ರಿ. ಅದಕ್ಕೇ ಇವತ್ತ ಹೇಳ್ರಿ ಅನ್ನಾಕತ್ತೀನಿ."

"ಸಂಜಿಕ್ಕ ಫೋನ್ ಮಾಡಿ ಹೇಳ್ತೀನ್ರಿ. ಇನ್ನೊಮ್ಮೆ ನೋಡ್ತೀನಿ."

"ಒಯ್ರಿ, ನಾಡಿದ್ದ ತರ್ರಿ. ಖರೇ ಹೇಳ್ತೀನಿ ಸರ್, ನಮ್ಮ ಹುಡುಗರು ಎರಡನ್ನೂ ಮುಟ್ಟಂಗಿಲ್ಲ. ನಿಮ್ಮ ಸಲುವಾಗೇ ತರಸೂದು. ನಿಮಗ ಯಾವುದು ಬೇಕು ಅದನ್ನ ಹೇಳ್ರಿ, ಮುಗೀತು."

ತನಗೆ ಯಾವುದು ಬೇಕು? ಅದೇ ಗೊತ್ತಾಗದೆ ಅವನು ಚೀಲದ ಜಿಪ್ಪು ಎಳೆದ.

ನಾಳೆ ಅವನು ರಜೆ ಹಾಕಿದ್ದು ತಾಯಿ ಕಾಂತಾಬಾಯಿ ಕೋರ್ಟಿನಲ್ಲಿ ಹೇಳಬೇಕಿದ್ದ ಸಾಕ್ಷಿಗಾಗಿ. ಕೊಹಿನೂರದ ಆಚೆಯ ಅವನ ಊರಿನಲ್ಲಿ ಕಳೆದ ವರ್ಷ, ಹಿಟ್ಟಿನ ಗಿರಣಿಯ ಮುಂದೆ, ಕಾಂತಾಬಾಯಿ ಸರದಿಗೆ ಇಟ್ಟಿದ್ದ ಜೋಳದ ಡಬ್ಬಿಯನ್ನು ಮೇಲ್ಜಾತಿಯ ನಾಗನಾಥನ ತಮ್ಮ ಎತ್ತಿ ಹೊರಗೆ ಬಿಸಾಕಿದ್ದ. ಜಾತಿ ಹಿಡಿದು ಒಂದು ಮಾತು ಅಂದಿದ್ದ. ಧಮ್ಮಪಾಲನ ತಮ್ಮ ಜೈಭೀಮ ಓಡಿಬಂದು ಅವನ ಕಪಾಳಕ್ಕೆ ಹೊಡೆದಿದ್ದ. ಕಾಂತಾಬಾಯಿ ಜಾತಿ ದೌರ್ಜನ್ಯದ ಕೇಸು ಹಾಕಿದಳು. ಮರುದಿನವೇ ಅವರು ಜೈಭೀಮನ ಮೇಲೆ ಹಲ್ಲೆಯ ಕೇಸು ಹಾಕಿದರು. ಕೇಸಿಗೆ ಕೌಂಟರ್ ಕೇಸು. ಆ ಕಡೆಯ ಊರುಗಳಲ್ಲಿ ಇದು ಉಳುಮೆಯ ಹಾಗೆ ಎಲ್ಲರಿಗೂ ಗೊತ್ತಿದ್ದ ಕ್ರಮ. ಅಲ್ಲಿಂದ ಊರು ತಣ್ಣಗಿತ್ತು. ಗಿರಣಿಯಲ್ಲಿ ಯಾರೂ ಯಾರ ಡಬ್ಬಿಯನ್ನೂ ಮುಟ್ಟುತ್ತಿರಲಿಲ್ಲ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಜೈಭೀಮ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆ ಪಾಸಾಗಿ, ಕೇಸಿನ ಕಾರಣಕ್ಕೆ ನೌಕರಿಯ ಆದೇಶ ತಡೆದು ನಿಂತಿತು. ಆಗ ರಾಜಿಯ ಮಾತು ಬಂತು. ಕಾಂತಾಬಾಯಿ ಕೋರ್ಟಿನಲ್ಲಿ, ಗಿರಣಿಯಲ್ಲಿ ಏನಾಯಿತೋ ತನಗೆ ನೆನಪಿಲ್ಲ ಎನ್ನಬೇಕು. ಬರುವ ತಿಂಗಳು ಜೈಭೀಮನ ಕೇಸಿನಲ್ಲಿ ನಾಗನಾಥನ ತಮ್ಮನೂ ನೆನಪಿಲ್ಲ ಎನ್ನುತ್ತಾನೆ. ಮನೆಯಲ್ಲಿ ಎಲ್ಲರೂ ಧಮ್ಮಪಾಲನ ಕಡೆ ನೋಡಿದ್ದರು. ಓದಿದವನು ನೀನೇ, ನೀ ಹೇಳಿದಂಗ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಹುಮನಾಬಾದಿನ ಸರ್ಕಲ್ಲಿನಲ್ಲಿ ಸಾಲಾಗಿ ನಿಂತು, ಬಸ್ಸು ಅವುಗಳ ಹಿಂದೆ ಎತ್ತಿನ ಗಾಡಿಯ ವೇಗದಲ್ಲಿ ಹೊರಟಿತು. ತೊಡೆಯ ಮೇಲಿನ ಚೀಲ ಭಾರವಾಗಿತ್ತು. ಜೈಭೀಮನಿಗೆ ನೌಕರಿ ಸಿಕ್ಕರೆ ಅವನು ಖಾಕಿ ಹಾಕಿಕೊಂಡು ಅದೇ ಗಿರಣಿಯ ಮುಂದೆ ನಿಲ್ಲಬಹುದು. ಆಗ ಯಾರು ಡಬ್ಬಿ ಬಿಸಾಕುತ್ತಾರೆ? ಆದರೆ ಆ ಖಾಕಿಗಾಗಿ ಅವ್ವ, ಬಿಸಾಕಲೇ ಇಲ್ಲ ಎನ್ನಬೇಕು. ಎನ್ನುವುದಿಲ್ಲ, ನೆನಪಿಲ್ಲ ಎನ್ನುತ್ತಾಳೆ, ಅಷ್ಟೇ. ಎರಡಕ್ಕೂ ವ್ಯತ್ಯಾಸವಿದೆಯೇ? ಕಾನೂನು ಒಂದು ಅಸ್ತ್ರ ಎಂದು ಎಲ್ಲರೂ ಸಲೀಸಾಗಿ ಅನ್ನುತ್ತಾರೆ; ನಿಮ್ಮ ಕೈಯಾಗ ಬಾಂಬ್ ಕೊಟ್ಟಾರ ಎಂದು ಅಜೀತನೇ ಒಮ್ಮೆ ಚಹಾ ಕುಡಿಯುತ್ತ ಅಂದಿದ್ದ. ಜೋಳದ ಡಬ್ಬಿ ಹಿಡಿದು ಸರದಿಯಲ್ಲಿ ನಿಂತ ಮುದುಕಿಯ ಕೈಯಲ್ಲಿ ಬಾಂಬು ಎಲ್ಲಿತ್ತು? ಆಗ ಯಾಕೆ ಕೇಳಲಿಲ್ಲ? ಕೇಳಲಿಲ್ಲ, ನಕ್ಕಿದ್ದ.

ರಾಜೇಶ್ವರ ದಾಟುವಾಗ ಯಾರದೋ ಮದುವೆಯ ಪಟಾಕಿ ಸಿಡಿಯಿತು; ಕಣ್ಣೆದುರು ಹೊಲಗಳ ಬದಲು ಊರಿನ ಕಟ್ಟೆ ಬಂತು. ಅಣ್ವಸ್ತ್ರ ಪರೀಕ್ಷೆ ನಡೆದ ಆ ಬೇಸಿಗೆ. ಅದು ಬುದ್ಧ ಪೂರ್ಣಿಮೆಯ ದಿನ. ಬೆಳಿಗ್ಗೆ ಓಣಿಯವರೆಲ್ಲ ಬಿಳಿ ಬಟ್ಟೆ ಹಾಕಿ ವಂದನೆ ಮುಗಿಸಿದ್ದರು. ಜೈಭೀಮ ಇನ್ನೂ ಅವ್ವನ ಹೊಟ್ಟೆಯಲ್ಲಿದ್ದ. ಕತ್ತಲಾಗುವ ಮೊದಲು ಊರ ನಡುವಿನ ಕಟ್ಟೆಯ ಮೇಲೆ ಸರಪಟಾಕಿ ಸಿಡಿಯತೊಡಗಿದಾಗ ಅವರ ಓಣಿ ಬೆರಗಾಗಿ ಎದ್ದು ನಿಂತಿತು. ಊರವರು ಬುದ್ಧನ ಜಯಂತಿ ಮಾಡುತ್ತಿದ್ದಾರೆ! ಬೇರೆ ಯಾವ ಕಾರಣವಿರಲು ಸಾಧ್ಯ, ಈ ದಿನ? ಕಾಂತಾಬಾಯಿ ತಡಮಾಡಲಿಲ್ಲ. ಮನೆಯಲ್ಲಿ ಉಳಿದಿದ್ದ ಖೀರನ್ನು ಹಿತ್ತಾಳೆಯ ಪಾತ್ರೆಗೆ ತುಂಬಿ, ಮೇಲೆ ತಟ್ಟೆ ಮುಚ್ಚಿ, ಮಗನ ಕೈ ಹಿಡಿದುಕೊಂಡು ಕಟ್ಟೆಗೆ ಹೋದಳು. ಎಂದೂ ಆ ಹೊತ್ತಿನಲ್ಲಿ ಆ ಕಡೆ ಹೋದವಳಲ್ಲ. "ಬುದ್ಧನ ಪ್ರಸಾದ ತಗೋರಿ" ಎಂದಳು. ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನಕ್ಕರು. "ಬಾಂಬ್ ಹಾರಿಸ್ಯಾರವ್ವ ದಿಲ್ಲಿಯವರು, ಅದಕ್ಕ ಪಟಾಕಿ. ಬುದ್ಧನ ಸಲುವಾಗಿ ಅಲ್ಲ!" ನಗದೇ ಇದ್ದವನು ನಾಗನಾಥ ಒಬ್ಬನೇ. ಆಗ ಹೊಸದಾಗಿ ಮದುವೆಯಾಗಿದ್ದ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಮೆತ್ತಗೆ, ಮರ್ಯಾದೆಯಿಂದ, "ಅಲ್ಲಿಡ್ರಿ, ಆಮ್ಯಾಲ ಕುಡೀತೀವಿ" ಎಂದ. ಅವ್ವ ಇಟ್ಟಳು. ಮರುದಿನ ಪಾತ್ರೆ ತರಲು ಹೋದಾಗ ಮುಚ್ಚಿದ ತಟ್ಟೆ ಸರಿದಿರಲಿಲ್ಲ. ಒಳಗೆ ಖೀರು ಹುಳಿತು ಕೆನೆಗಟ್ಟಿತ್ತು. ಅವಳು ಹಳ್ಳದ ದಂಡೆಯಲ್ಲಿ ಕೂತು ಪಾತ್ರೆಯನ್ನು ಬೂದಿಯಿಂದ ತಿಕ್ಕಿದ್ದೇ ತಿಕ್ಕಿದ್ದು. ಧಮ್ಮಪಾಲ ಆಮೇಲೆ ಭೌತಶಾಸ್ತ್ರ ಆರಿಸಿಕೊಂಡದ್ದಕ್ಕೂ ಆ ಪಟಾಕಿಗೂ ಸಂಬಂಧವಿದೆಯೋ ಇಲ್ಲವೋ, ಅವನಿಗೇ ಬಗೆಹರಿದಿರಲಿಲ್ಲ.

ಬಸವಕಲ್ಯಾಣದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಾಗನಾಥ ಕಾಯುತ್ತಿದ್ದ. ಜೊತೆಗೆ ಬೀಜ ಗೊಬ್ಬರದ ಅಂಗಡಿಯ ಖಮರುದ್ದೀನ್ ಚಾಚಾ. ಎರಡೂ ಮನೆಯವರು ಬಿತ್ತನೆ ಬೀಜಕ್ಕೆ ಅವನಲ್ಲಿಗೇ ಬರುತ್ತಿದ್ದುದರಿಂದ ರಾಜಿಗೆ ಅವನು ನಡುವೆ ನಿಂತಿದ್ದ. ನಾಗನಾಥ ಎದ್ದು ನಿಂತು ಕೈಮುಗಿದ. ಅವನ ಕೂದಲು ನೆರೆತಿತ್ತು, ವಿಭೂತಿ ಅದೇ. "ಬರ್ರಿ ಸರ್, ಕುಂದ್ರಿ" ಎಂದು ತಾನು ಸರಿದು ಜಾಗ ಮಾಡಿದ. ಖಮರುದ್ದೀನ್ ಒಳಗೆ ನೋಡಿ, "ತೀನ್ ಚಾಯ್, ಏಕ್ ಫಿಕ್ಕಾ" ಎಂದು ಕೂಗಿದ. ಮೂರು ಚಹಾ, ಅದರಲ್ಲಿ ಒಂದಕ್ಕೆ ಸಕ್ಕರೆ ಬೇಡ. ನಾಗನಾಥ, "ಕಾಗದದ ಕಪ್ಪಿನ್ಯಾಗ ತಾರಪ್ಪ ಎಲ್ಲಾರಿಗೂ" ಎಂದು ಸೇರಿಸಿದ. ಎಲ್ಲಾರಿಗೂ. ಇಲ್ಲಿಯ ಗಾಜಿನ ಲೋಟಗಳು ಸರಿಯಾಗಿ ತೊಳೆದಿರುವುದಿಲ್ಲ, ಅದು ನಿಜ. ಕೊರೋನಾದ ನಂತರ ಬಹಳ ಜನ ಹಾಗೆ ಕೇಳುತ್ತಾರೆ, ಅದೂ ನಿಜ. ಧಮ್ಮಪಾಲ ಸುತ್ತಲಿನ ಮೇಜುಗಳನ್ನು ನೋಡಿದ. ಉಳಿದವರೆಲ್ಲ ಗಾಜಿನ ಲೋಟದಲ್ಲೇ ಕುಡಿಯುತ್ತಿದ್ದರು. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

"ನೋಡ್ರಿ ಸರ್" ಎಂದ ನಾಗನಾಥ, "ನಮ್ಮ ತಮ್ಮ ಮಾಡಿದ್ದು ತಪ್ಪು. ನಾ ಇಲ್ಲ ಅನ್ನಂಗಿಲ್ಲ. ನಿಮ್ಮ ತಮ್ಮ ಕೈ ಎತ್ತಿದ್ದೂ ಆಗಬಾರದಿತ್ತು. ಈಗ ನಿಮ್ಮ ಕೈಯಾಗ ಅದು ಅದ, ನಮ್ಮ ಕೈಯಾಗ ಇದು ಅದ. ಇಬ್ರೂ ಕೆಳಗ ಇಟ್ಟರ ನಿಮ್ಮ ತಮ್ಮಗ ನೌಕರಿ, ನಮ್ಮ ತಮ್ಮಗ ಜೇಲ್ ಇಲ್ಲ."

"ಮೊದಲು ಯಾರು ಇಡಬೇಕ್ರಿ?" ಎಂದು ಧಮ್ಮಪಾಲ ಕೇಳಿದ. ಅದು ಪುಸ್ತಕದ ಪ್ರಶ್ನೆಯೆಂದು ಅವನಿಗೆ ಕೇಳಿದ ಮೇಲೆ ಹೊಳೆಯಿತು.

"ತಾರೀಖು ನಿಮ್ದು ಮೊದಲ ಅದಲ್ರಿ. ನಾ ಏನ್ ಮಾಡ್ಲಿ?"

"ನೀವು ಆಮ್ಯಾಲ ತಿರುಗಿದ್ರ?"

"ಅರೇ ಬೇಟಾ, ಮೈ ಹೂಂ ನಾ" ಎಂದು ಖಮರುದ್ದೀನ್ ಎದೆ ತಟ್ಟಿಕೊಂಡ. "ಜಬಾನ್ ಕೊಟ್ಟಾರ. ಮುಗಿಸ್ರಿ ಇದನ್ನ. ಖಾಲಿಪೀಲಿ ಎರಡೂ ಮನಿ ಹಾಳಾಗಾಕತ್ತಾವ."

ಚಹಾ ಬಂತು. ನಾಗನಾಥ, ಧಮ್ಮಪಾಲನ ತೆರೆದಿದ್ದ ಚೀಲದಿಂದ ಮೇಲಿನ ಪುಸ್ತಕವನ್ನು ಕೇಳಿ ತೆಗೆದುಕೊಂಡ. ರಕ್ಷಾಪುಟದ ಮೇಲಿನ ಕ್ಷಿಪಣಿಯನ್ನು ಕೈದೂರದಲ್ಲಿ ಹಿಡಿದು ನೋಡಿದ. "ಏನಂತ ಬರದಾರ್ರಿ ಇದರಾಗ?"

"ಬಾಂಬ್ ಇದ್ದ ದೇಶಗಳು ಏನೇನು ಕಟ್ಟಳೆ ಮಾಡ್ಕೊಂಡಾವ ಅಂತ. ನಮ್ಮ ದೇಶ ಹೇಳ್ತದ, ನಾವಾಗಿ ಮೊದಲು ಹೊಡಿಯಂಗಿಲ್ಲ ಅಂತ."

"ಹಂಗಂದು ಬಾಂಬ್ ಒಗದುಬಿಟ್ಟಾರೇನು?"

"ಇಲ್ರಿ. ಇಟ್ಕೊಂಡಾರ."

"ನೋಡಿದ್ರ್ಯಾ ಚಾಚಾ!" ನಾಗನಾಥ ಜೋರಾಗಿ ನಕ್ಕ. "ನಾವ ಶಾಣ್ಯಾರು. ಒಗದುಬಿಡೋಣು ಅನ್ನಾಕತ್ತೀವಿ." ಅವನ ನಗುವಿನಲ್ಲಿ ಕಪಟವೇನೂ ಕಾಣಲಿಲ್ಲ. ಧಮ್ಮಪಾಲನೂ ನಕ್ಕ. ರಾತ್ರಿಯೊಳಗೆ ಫೋನ್ ಮಾಡುತ್ತೇನೆಂದು ಹೇಳಿ ಎದ್ದ.

ಅವನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕಾಂತಾಬಾಯಿ ಗ್ಯಾಸಿನ ಮುಂದೆ ನಿಂತು ಏನೋ ತಿರುವುತ್ತಿದ್ದಳು. ನಾಳೆಯ ಕೋರ್ಟಿಗೆಂದು ಅವಳೂ ಜೈಭೀಮನೂ ಮಧ್ಯಾಹ್ನವೇ ಊರಿಂದ ಬಂದಿದ್ದರು. ಜೈಭೀಮ ಬಾಗಿಲ ಚೌಕಟ್ಟಿಗೆ ಒರಗಿ, "ಏನಂದ ಅಣ್ಣಾ? ಆತಲ್ಲ?" ಎಂದು ಅಣ್ಣನ ಮುಖವನ್ನೇ ನೋಡಿದ. ಅವನ ಕೂದಲು ಆಗಲೇ ಪೊಲೀಸರ ಹಾಗೆ ಕತ್ತರಿಸಿತ್ತು. ಧಮ್ಮಪಾಲ ತಾಯಿಯ ಹತ್ತಿರ ಹೋದ.

"ಯವ್ವ, ನೀ ಏನಂತಿ?"

"ನೆನಪಿಲ್ಲ ಸಾಹೇಬ್ರೆ" ಎಂದಳು ಅವಳು. ಸೌಟು ಬಿಟ್ಟು, ಗಲ್ಲ ಎತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು. "ಹಿಂಗ ಅನ್ನಬೇಕಲ್ಲ? ತಲಿ ಕೆಳಗ ಹಾಕಿ ಅನಬ್ಯಾಡ, ಜಡ್ಜ್ ಸಾಹೇಬ್ರ ಮಾರಿ ನೋಡಿ ಅನ್ನು ಅಂತ ವಕೀಲ ಹೇಳ್ಯಾನ."

"ಗಿರಣ್ಯಾಗ ನಿನ್ನ ಡಬ್ಬಿ ಯಾರು ಒಗದ್ರು?"

"ನೆನಪಿಲ್ಲ."

"ಏನ್ ಅಂದ್ರು ನಿನಗ?"

"ನೆನಪಿಲ್ಲ."

ಜೈಭೀಮ ಸಮಾಧಾನದಿಂದ ಉಸಿರು ಬಿಟ್ಟದ್ದು ಕೇಳಿಸಿತು. ಧಮ್ಮಪಾಲನಿಗೆ ಅಲ್ಲಿಗೇ ನಿಲ್ಲಿಸಬೇಕೆಂದು ಗೊತ್ತಿತ್ತು, ನಿಲ್ಲಲಿಲ್ಲ. "ಬಾಂಬ್ ಹಾರಿಸಿದ ವರ್ಷ ಊರ ಕಟ್ಟಿ ಕಡಿ ಖೀರು ಒಯ್ದಿದ್ದಿ, ನನ್ನ ಕೈ ಹಿಡಕೊಂಡು. ಅದು?"

"ನೆನಪಿಲ್ಲ" ಎಂದಳು ಕಾಂತಾಬಾಯಿ. ಅದೇ ಧ್ವನಿ, ಅದೇ ಕಣ್ಣು. ಅವಳು ನಿಜವಾಗಿ ಮರೆತಿದ್ದಾಳೋ, ಪಾಠವನ್ನು ಇನ್ನೂ ಒಪ್ಪಿಸುತ್ತಿದ್ದಾಳೋ? ಇಷ್ಟು ವರ್ಷ ಅವನು ಒಳಗೆ ಹೊತ್ತುಕೊಂಡು ತಿರುಗಿದ್ದ ಪಾತ್ರೆ ಅವನೊಬ್ಬನದೇ ಆಗಿತ್ತೋ? ನಾಳೆ ಕೋರ್ಟಿನಲ್ಲಿ ಒಂದನ್ನು ನೆನಪಿಲ್ಲ ಎಂದರೆ ಅದರ ಹಿಂದಿನವೆಲ್ಲ ಒಂದೊಂದಾಗಿ ಹೀಗೇ ಅಳಿಸಿಹೋಗುತ್ತವೆಯೋ? ಆಗ ಅವನ ಮೂಗಿಗೆ ಏಲಕ್ಕಿಯ ವಾಸನೆ ಬಡಿಯಿತು. ಗ್ಯಾಸಿನ ಮೇಲೆ ಕುದಿಯುತ್ತಿದ್ದದ್ದು ಹಾಲು, ಅಕ್ಕಿ.

"ಹಬ್ಬಿಲ್ಲ ಹುಣ್ಣಿಮಿಲ್ಲ, ಖೀರು ಯಾಕ ಮಾಡಾಕತ್ತಿ?"

ಅವಳು ಮತ್ತೆ ಸೌಟು ಹಿಡಿದಳು. "ನಾಗನಾಥ ಇಲ್ಲೇ ಕಲ್ಯಾಣದಾಗ ಅದಾನಲ್ಲ. ಬರಲಿ. ಮನಿ ಒಳಗ ಕುಂತು ಒಂದು ಬಟ್ಟಲ ಕುಡದು ಹೋಗಲಿ. ಆಮ್ಯಾಲ ನಾಳಿ ನೀವು ಹೇಳಿದ್ದು ಅಂತೀನಿ."

"ಯವ್ವಾ!" ಜೈಭೀಮ ಒಳಗೆ ಬಂದ. "ಎಲ್ಲಾ ಸರಿ ಆಗಾಕತ್ತದ, ನಡುವ ಇದೊಂದು ಯಾಕ? ಆ ಮನಶ್ಯಾ ಸಿಟ್ಟಾದ್ರ?"

"ಖೀರು ಕುಡಿ ಅಂದ್ರ ಯಾರಿಗಾದ್ರೂ ಸಿಟ್ಟು ಬರ್ತದೇನೋ?" ಎಂದಳು ಅವಳು. "ಫೋನ್ ಹಚ್ಚು ಧಮ್ಮಾ."

ನಾಗನಾಥ ಮೊದಲ ರಿಂಗಿಗೇ ಎತ್ತಿದ. ಖೀರು ಎಂಬ ಮಾತು ಕೇಳಿ ನಕ್ಕ. "ಅಯ್ಯ ಸರ್ರ, ನನಗ ಶುಗರ್ ಅದ್ರಿ. ಇಲ್ಲಂದ್ರ ಅದರಾಗೇನದ, ಬರ್ತಿದ್ದೆ."

ಶುಗರ್. ಹಾಗಾದರೆ ಆ ಫಿಕ್ಕಾ ಚಹಾ ಅವನದೇ. ಇರಬಹುದು. ಆದರೆ ಖಮರುದ್ದೀನ್ ಅದನ್ನು ನಾಗನಾಥನಿಗೆಂದು ಹೇಳಿದ್ದನೇ, ತನಗೇ ಹೇಳಿಕೊಂಡಿದ್ದನೇ? ಕಪ್ಪುಗಳು ಮೂರೂ ಒಂದೇ ತರಹದವು. ತಾನು ಕುಡಿದದ್ದು ಸಿಹಿಯಾಗಿತ್ತೇ? ಅಲ್ಲಿ ಕೂತಷ್ಟು ಹೊತ್ತೂ ಅವನು ಕಪ್ಪಿನ ಬಗ್ಗೆ ಯೋಚಿಸಿದ್ದನೇ ಹೊರತು ಚಹಾದ ಬಗ್ಗೆ ಅಲ್ಲ. ನಾಲಿಗೆಗೆ ಸಾಕ್ಷಿ ಹೇಳಲು ಬರಲಿಲ್ಲ. ಚಾಚಾನಿಗೆ ಫೋನ್ ಮಾಡಿ ಕೇಳಿದರೆ ತಿಳಿಯುತ್ತಿತ್ತು. ಕೇಳಿ ತಿಳಿದರೆ ಆಮೇಲೆ ಏನು ಮಾಡುವುದೆಂದು ಹೆದರಿಕೆಯಾಯಿತು.

"ಏನಂತಾನ?" ಎಂದಳು ಕಾಂತಾಬಾಯಿ.

"ಶುಗರ್ ಅದ ಅಂತ."

"ಸಕ್ರಿ ಇನ್ನಾ ಹಾಕಿಲ್ಲ ಅಂತ ಹೇಳು."

ಅವನು ಹೇಳಿದ. ಫೋನಿನಲ್ಲಿ ಬಸ್ ನಿಲ್ದಾಣದ ಹಾರ್ನು, ಭಾಲ್ಕಿ ಭಾಲ್ಕಿ ಎಂದು ಕಂಡಕ್ಟರ್ ಕೂಗುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಡೆದು ಬಂದರೂ ದೂರವಲ್ಲ.

"ಆತ್ರಿ ಸರ್" ಎಂದ ನಾಗನಾಥ ಕೊನೆಗೆ, ಮೆತ್ತಗೆ, ಮರ್ಯಾದೆಯಿಂದ. "ನೋಡ್ತೀನಿ."

ಅವರು ಕಾದರು. ಜೈಭೀಮ ಬಾಗಿಲಲ್ಲಿ ನಿಂತ. ಓಣಿಗೆ ಯಾವ ಬೈಕು ತಿರುಗಿದರೂ ಅವನ ಕೊರಳು ಆ ಕಡೆ ಹೊರಳುತ್ತಿತ್ತು. ಕಾಂತಾಬಾಯಿ ಗ್ಯಾಸ್ ಆರಿಸಿ, ಪಾತ್ರೆ ಕೆಳಗಿಳಿಸಿ, ಒಂದು ಬಟ್ಟಲನ್ನು ತೊಳೆದು ಒರೆಸಿ ಇಟ್ಟಳು. ಎದುರು ಮನೆಯ ದೀಪ ಹತ್ತಿತು. ಧಮ್ಮಪಾಲ ಮಂಚದ ಮೇಲೆ ಕೂತು ಎರಡೂ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಇಬ್ಬರೂ ಅಸ್ತ್ರ ಕೆಳಗಿಡುವಾಗ, ಮಾತನ್ನು ನಂಬುವ ಮುನ್ನ ಹೋಗಿ ಕಣ್ಣಾರೆ ಪರೀಕ್ಷಿಸಿ ನೋಡುವ ಏರ್ಪಾಡಿನ ಬಗ್ಗೆ ಬಾಂಬಿನ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು. ಅವ್ವ ಮಾಡಿದ್ದು ಅದೇ ಅಲ್ಲವೇ? ಅಥವಾ ಅವಳಿಗೆ ಬೇಕಾದದ್ದು ಪರೀಕ್ಷೆಯಲ್ಲ, ಒಬ್ಬ ಮನುಷ್ಯ ಬಂದು ಖೀರು ಕುಡಿಯುವುದು ಮಾತ್ರವೋ? ಹಾಗಿದ್ದರೆ ಅದು ಎರಡನೆಯ ಪುಸ್ತಕ. ಖೀರಿನ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು.

ಫೋನ್ ಬಡಿದುಕೊಂಡಾಗ ಮೂವರೂ ಬೆಚ್ಚಿದರು. ಫಕ್ರುನ್ನೀಸಾ. "ಏನಾತ್ರಿ ಸರ್? ಫೈಸಲಾ ಆತೇನು?"

"ಇನ್ನೊಂದು ಜರಾ ನಿಲ್ರಿ ಮೇಡಂ."

"ಯಾರ್ದರ ದಾರಿ ಕಾಯಾಕತ್ತೀರೇನು?"

"ಹೌದ್ರಿ."

ಅವನು ಫೋನ್ ಕೆಳಗಿಟ್ಟಾಗ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳದ ಸದ್ದಾಯಿತು. ಕಾಂತಾಬಾಯಿ ಸಕ್ಕರೆಯ ಡಬ್ಬಿ ತೆಗೆದಿದ್ದಳು. ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಬೊಗಸೆಯಲ್ಲಿ ಎತ್ತಿ ಪಾತ್ರೆಗೆ ಸುರಿದಳು. ಕೆನೆ ಹರಿದು ಸಕ್ಕರೆ ಒಳಗಿಳಿಯಿತು. ಸೌಟಿನಿಂದ ತಿರುವಿದಳು. ಇನ್ನೊಂದು ಬೊಗಸೆ ಸುರಿದಳು.

"ಯವ್ವಾ, ಜರಾ ತಡಿ" ಎಂದ ಜೈಭೀಮ. ಅವನ ಧ್ವನಿ ಸಣ್ಣ ಹುಡುಗನದಾಗಿತ್ತು. "ಬರ್ತಾನ. ಬರ್ತಿರಬೇಕು."

"ಆ ಡಬ್ಬಿಯೊಳಗ ನಮ್ಮ ಹೊಲದ್ದೇ ಜೋಳ ಇತ್ತು" ಎಂದಳು ಕಾಂತಾಬಾಯಿ ಪಾತ್ರೆಯನ್ನೇ ನೋಡುತ್ತ. "ಅರ್ಧ ಮಣ್ಣಾಗ ಚೆಲ್ಲಿತು. ಆರಿಸಾಕ ಕುಂತೆ. ನಾಗನಾಥನ ತಮ್ಮ ಚಪ್ಪಲಿಲೆ ಸರಿಸಿದ. ಆಮ್ಯಾಲ ಅಂದ." ಏನಂದ ಎಂಬುದನ್ನು ಅವಳು ಆ ಮನೆಯಲ್ಲಿ ಆಡಲಿಲ್ಲ. ಆಡುವ ಜಾಗ ನಾಳೆ ಕೋರ್ಟಿನಲ್ಲಿತ್ತು.

ಧಮ್ಮಪಾಲ ಫೋನ್ ಎತ್ತಿಕೊಂಡು ಫಕ್ರುನ್ನೀಸಾಳಿಗೆ, ಶಾಂತಿಯ ಪುಸ್ತಕ ಇಟ್ಟುಕೊಳ್ಳಿ ಎಂದು ಬರೆದ. ಇನ್ನೊಂದು ಅವನಿಗೆ ಪೂರ್ತಿ ಅರ್ಥವಾಗಿತ್ತು, ಇದು ಆಗಿರಲಿಲ್ಲ. ಅದು ಕಾರಣವೋ ನೆಪವೋ ತಿಳಿಯಲಿಲ್ಲ. ಕಳಿಸಿದ ಮೇಲೂ ಬೆರಳು ಅಳಿಸುವ ಗುರುತಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

ಕಾಂತಾಬಾಯಿ ನಾಗನಾಥನಿಗಾಗಿ ಒರೆಸಿಟ್ಟ ಬಟ್ಟಲಿಗೆ ಖೀರು ಹಾಕಿ ಹಿರಿಯ ಮಗನ ಮುಂದೆ ಹಿಡಿದಳು. ಅವನು ಕುಡಿದ. ವಿಪರೀತ ಸಿಹಿಯಾಗಿತ್ತು. ಇನ್ನೊಂದು ಬಟ್ಟಲನ್ನು ಅವಳು ಬಾಗಿಲ ಹತ್ತಿರ, ಜೈಭೀಮನ ಕಾಲ ಬಳಿ ಇಟ್ಟು ಒಳಗೆ ಹೋದಳು. ಅವನು ಅದನ್ನು ನೋಡಲಿಲ್ಲ. ಓಣಿಯ ತಿರುವಿನಲ್ಲಿ ಒಂದು ಬೈಕಿನ ಬೆಳಕು ಕಂಡು, ಗೋಡೆಯ ಮೇಲೆ ಹಾಯ್ದು, ಮುಂದೆ ಹೋಯಿತು. ಅವನು ಹಾಗೇ ನಿಂತಿದ್ದ, ಪೊಲೀಸರ ಹಾಗೆ ಕತ್ತರಿಸಿದ ತಲೆಯನ್ನು ಹೊರಗೆ ಚಾಚಿ, ಮುಂದಿನ ಸದ್ದಿಗೆ ಕಿವಿಗೊಟ್ಟು. ಕಾಲ ಬಳಿಯ ಬಟ್ಟಲಿನಲ್ಲಿ ಮತ್ತೆ ಕೆನೆ ಕಟ್ಟುತ್ತಿತ್ತು.